ಕೈಗಾತ್ರದ ಕಂಪ್ಯೂಟರ್ ಕೊಳ್ಳುವ ಮೊದಲು ಅದರಲ್ಲಿ ಕನ್ನಡ ಬರೆದು ನೋಡಿ

ಮಾನ್ಯ ಸಂಪಾದಕರೇ,

ಗೇಮ್ ಆಡಲಿಕ್ಕೂ ದಿನದ ಕೆಲಸಕ್ಕೂ ಆಗುವ ಕೈಗಾತ್ರದ ಕಂಪ್ಯೂಟರ್‌ಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಯಾವುದರಲ್ಲಿ ಯಾವ ಚಿಪ್ ಇದೆ, ಯಾವ ಗೇಮ್ ಎಷ್ಟು ವೇಗವಾಗಿ ಓಡುತ್ತದೆ ಅನ್ನುವುದೆಲ್ಲ ಚೆನ್ನಾಗಿ ಬಂದಿತ್ತು. ಆದರೆ ದಿನದ ಕೆಲಸ ಅಂದರೆ ಅಲ್ಲಿ ಇದ್ದದ್ದು ಇಮೇಲ್ ಮತ್ತು ಯೂಟ್ಯೂಬ್ ಮಾತ್ರ. ಕನ್ನಡದಲ್ಲಿ ಟೈಪ್ ಮಾಡುವವರಿಗಾಗಿ ಒಂದು ಸಾಲೂ ಇರಲಿಲ್ಲ. ಕನ್ನಡ ಪತ್ರಿಕೆಯಲ್ಲೇ ಸಿಗದಿದ್ದರೆ ಆ ಮಾಹಿತಿಯನ್ನು ನಾವು ಇನ್ನೆಲ್ಲಿ ಹುಡುಕುವುದು? ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಚಿಕ್ಕ ಡಿಟಿಪಿ ಅಂಗಡಿ ನಡೆಸುವವಳು. ಮದುವೆಯ ಹೇಳಿಕೆ ಕಾಗದ, ಬ್ರಹ್ಮಕಲಶೋತ್ಸವದ ಆಮಂತ್ರಣ, ಬಯಲಾಟದ ಕರಪತ್ರ, ಶಾಲೆಯ ವಾರ್ಷಿಕೋತ್ಸವದ ಕಾಗದ, ಇವೇ ನನ್ನ ಕೆಲಸ. ಒಂದು ಮಗ್ಗುಲಿಗೆ ಕನ್ನಡ, ಇನ್ನೊಂದು ಮಗ್ಗುಲಿಗೆ ಮಲಯಾಳ ಬೇಕು ಅನ್ನುವವರೂ ಜಾಸ್ತಿ. ಮಗಳು ಕುಂಬಳೆಯಿಂದ ರೈಲು ಹಿಡಿದು ಮಂಗಳೂರಿನ ಕಾಲೇಜಿಗೆ ಹೋಗುತ್ತಾಳೆ. ಅವಳಿಗೆ ಗೇಮ್ ಅಂದರೆ ಪ್ರಾಣ. ಅದನ್ನು ನಾನು ಕೆಟ್ಟ ಚಟ ಅಂತ ತಿಳಿದಿಲ್ಲ. ಓದು ಮುಗಿಸಿ ಆಡುತ್ತಾಳೆ, ಆಡುತ್ತಾ ಆಡುತ್ತಾ ಕಂಪ್ಯೂಟರಿನ ಒಳಗುಟ್ಟನ್ನೂ ಕಲಿತಿದ್ದಾಳೆ. ಅಂಗಡಿಯ ಡೆಸ್ಕ್‌ಟಾಪ್ ಹಳತಾಗಿತ್ತು. ಅವಳಿಗೂ ಒಂದು ಕಂಪ್ಯೂಟರ್ ಬೇಕಿತ್ತು. ಎರಡೆರಡು ಕೊಳ್ಳುವಷ್ಟು ಅನುಕೂಲ ನಮಗಿಲ್ಲ. ಹಗಲು ಅಂಗಡಿಯ ಮಾನಿಟರಿಗೆ ಸಿಕ್ಕಿಸಿದರೆ ನನಗೆ, ರಾತ್ರಿ ಬಿಡಿಸಿಕೊಂಡು ಹೋದರೆ ಅವಳಿಗೆ. ಹೀಗೆ ಇಬ್ಬರೂ ಸೇರಿ ಹುಡುಕಲು ಹೊರಟೆವು.

ಮಂಗಳೂರಿನ ಒಂದು ಅಂಗಡಿಯಲ್ಲಿ ವಿಚಾರಿಸಿದಾಗ ಮಾರುವ ಹುಡುಗ ಗೇಮ್‌ಗಳ ಬಗ್ಗೆ ತುಂಬ ಉತ್ಸಾಹದಿಂದ ಹೇಳಿದ. ಇದರಲ್ಲಿ ನುಡಿ ಎನ್ನುವ ಕನ್ನಡ ತಂತ್ರಾಂಶದ ಅಕ್ಷರದಲ್ಲಿ ಮಾಡಿದ ಹಳೆಯ ಫೈಲು ತೆರೆಯುತ್ತದಾ ಅಂತ ಕೇಳಿದೆ. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಪೆನ್‌ಡ್ರೈವ್ ಹಾಕಿ ನೋಡುತ್ತೇನೆ ಅಂದರೆ, ಡೆಮೊ ಮೆಷಿನ್‌ಗೆ ಹೊರಗಿನದ್ದು ಹಾಕುವಂತಿಲ್ಲ ಅಂದುಬಿಟ್ಟ. ಲಕ್ಷದ ಹತ್ತಿರ ಹತ್ತಿರ ಹಣ ಕೊಡುವವರು ತಮ್ಮ ಕೆಲಸ ಅದರಲ್ಲಿ ಆಗುತ್ತದೋ ಇಲ್ಲವೋ ಅಂತ ನೋಡಬಾರದಾ? ನನಗೆ ನಿಜಕ್ಕೂ ಬೇಸರವಾಯಿತು.

ಹಾಗಾಗಿ ನಾವೇ ಕುಳಿತು ತಿಳಿದುಕೊಂಡೆವು. ತಿಳಿದ ಮೇಲೆ ನಾನು ಗಟ್ಟಿಯಾಗಿ ಹೇಳುವುದು ಇಷ್ಟು: ಎರಡೂ ಕೆಲಸಕ್ಕೆ ಒಂದೇ ಮೆಷಿನ್ ಬೇಕು ಅನ್ನುವವರು ಮೊದಲು ಚಿಪ್ ನೋಡಬೇಡಿ. ಒಳಗಿರುವ ಆಪರೇಟಿಂಗ್ ಸಿಸ್ಟಂ, ಅಂದರೆ ಇಡೀ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ, ಯಾವುದು ಅಂತ ನೋಡಿ. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಈ ಮೆಷಿನ್‌ಗಳಿಗೆ ಇಷ್ಟು ಹೆಸರು ಬಂದದ್ದು 2022ರ ಫೆಬ್ರವರಿಯಲ್ಲಿ ವಾಲ್ವ್ ಕಂಪನಿಯ ಸ್ಟೀಮ್ ಡೆಕ್ ಬಂದ ಮೇಲೆ. ಅದರಲ್ಲಿರುವುದು ಸ್ಟೀಮ್‌ಒಎಸ್, ಅಂದರೆ ವಿಂಡೋಸ್ ಅಲ್ಲ, ಲಿನಕ್ಸ್ ಎನ್ನುವ ಬೇರೆಯೇ ಆಪರೇಟಿಂಗ್ ಸಿಸ್ಟಂನ ಒಂದು ರೂಪ. ವಿಂಡೋಸ್‌ಗಾಗಿ ಮಾಡಿದ ಗೇಮ್‌ಗಳನ್ನು ಪ್ರೋಟಾನ್ ಎನ್ನುವ ತಂತ್ರಾಂಶ ಅಲ್ಲಿ ಓಡಿಸಿಕೊಡುತ್ತದೆ. ಆಟದ ನಡುವೆ ಬಟನ್ ಒತ್ತಿ ಮಲಗಿಸಬಹುದು, ಮತ್ತೆ ಒತ್ತಿದರೆ ಬಿಟ್ಟಲ್ಲಿಂದಲೇ ಶುರು. ಬರೀ ಆಟಕ್ಕೆ ಅಂತಾದರೆ ಇಷ್ಟು ಸರಾಗವಾದದ್ದು ನಾನು ಬೇರೆ ನೋಡಿಲ್ಲ. 2023ರಲ್ಲಿ ಬಂದ ಅಸುಸ್‌ನ ರಾಗ್ ಆಲಿ ಮತ್ತು ಲೆನೊವೊದ ಲೀಜನ್ ಗೋ ವಿಂಡೋಸ್ 11ರವು. ವಿಂಡೋಸ್ ಅನ್ನು ಮೌಸ್ ಮತ್ತು ಕೀಬೋರ್ಡಿಗಾಗಿ ಮಾಡಿದ್ದಾರೆ. 7 ಇಂಚಿನ ಪರದೆಯಲ್ಲಿ ಹೆಬ್ಬೆರಳಿನಿಂದ ಅದನ್ನು ನಡೆಸುವುದು ಸುಲಭವಲ್ಲ. ಇಷ್ಟೇ ಓದಿದವರು ಸ್ಟೀಮ್ ಡೆಕ್ ತೆಗೆದುಕೊಳ್ಳಬೇಕು ಅಂತಲೇ ಹೇಳುತ್ತಾರೆ.

ಆದರೆ ನನ್ನ ಅಂಗಡಿಯ ಕಷ್ಟ ಬೇರೆ. ವರ್ಷಗಟ್ಟಲೆ ಮಾಡಿದ ಕೆಲಸವೆಲ್ಲ ಪುಟ ಜೋಡಿಸುವ ಹಳೆಯ ವಿಂಡೋಸ್ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿದೆ. 2001ರಲ್ಲಿ ಬಂದ ಅದರ 7ನೇ ಆವೃತ್ತಿಯೇ ಕೊನೆಯದು, ಅದಕ್ಕೆ ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಈಗಿನ ಅಕ್ಷರ ಸಂಕೇತ, ಗೊತ್ತಿಲ್ಲ. ಅಕ್ಷರಗಳು ನುಡಿಯ ಹಳೆಯ ಫಾಂಟಿನವು, ಮಲಯಾಳದ್ದು ಐಎಸ್‌ಎಂ ಎನ್ನುವ ಇನ್ನೊಂದು ತಂತ್ರಾಂಶದವು. ಆ ಫಾಂಟ್ ಇಲ್ಲದ ಕಡೆ ಫೈಲು ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ ಕಾಣುತ್ತದೆ. ಯೂನಿಕೋಡಿಗೆ ಬದಲಾಯಿಸುವ ಸಾಧನಗಳಿವೆ. ಆದರೆ ಅರ್ಕಾವೊತ್ತು ಜಾಗ ತಪ್ಪುತ್ತದೆ, ಒತ್ತಕ್ಷರ ಕೆಡುತ್ತದೆ, ಮತ್ತೆ ಕೂತು ಸಾಲು ಸಾಲು ತಿದ್ದಬೇಕು. ದೇವಸ್ಥಾನದವರು ಬಂದು ಹಿಂದಿನ ಸಲದ ಆಮಂತ್ರಣದಲ್ಲಿ ದಿನಾಂಕ ಮಾತ್ರ ಬದಲಾಯಿಸಿ ಕೊಡಿ ಅನ್ನುತ್ತಾರೆ. ಆಗ ಆ ಫೈಲು ಹಾಗೇ ತೆರೆಯಬೇಕು. ಇದಕ್ಕೆ ವಿಂಡೋಸ್ ಇಲ್ಲದೆ ನನಗೆ ದಾರಿಯಿಲ್ಲ. ಕರ್ನಾಟಕದ ಒಳಗೂ ಹೊರಗೂ ನನ್ನ ಹಾಗೆ ಹಳೆಯ ಫಾಂಟಿಗೆ ಕಟ್ಟಿಬಿದ್ದ ಡಿಟಿಪಿಯವರು ಬೇಕಾದಷ್ಟು ಜನ ಇದ್ದಾರೆ.

ಅಂಥ ಹಳೆಯ ಫೈಲುಗಳಿಲ್ಲದವರ ಮಾತು ಬೇರೆ. ಅವರು ಲಿನಕ್ಸ್ ಅಂತ ಹೆದರಬೇಕಾಗಿಲ್ಲ. ನಮ್ಮ ಕಾಸರಗೋಡಿನ ಮಕ್ಕಳಂತೂ ಹೆದರಲೇಬಾರದು. ಕೇರಳದ ಸರಕಾರಿ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದೇ ಲಿನಕ್ಸ್‌ನಲ್ಲಿ. ಶಾಲೆಗಳ ಕಂಪ್ಯೂಟರ್ ಶಿಕ್ಷಣ ನೋಡಿಕೊಳ್ಳುವ ಕೇರಳ ಸರಕಾರದ ಕೈಟ್ ಸಂಸ್ಥೆ ಉಬುಂಟು ಎನ್ನುವ ಲಿನಕ್ಸ್ ಆಧಾರದ ಮೇಲೆ ಸಿದ್ಧಪಡಿಸಿದ ವ್ಯವಸ್ಥೆಯನ್ನೇ ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಕಲಿಯುತ್ತಾರೆ. ಬರೆಯಲಿಕ್ಕೆ ಲಿಬ್ರೆ ಆಫೀಸ್, ಚಿತ್ರಕ್ಕೆ ಇಂಕ್‌ಸ್ಕೇಪ್, ಜಿಂಪ್ ಎಲ್ಲ ಅವರಿಗೆ ಪರಿಚಿತ. ಸ್ಟೀಮ್ ಡೆಕ್‌ನಲ್ಲಿ ಡೆಸ್ಕ್‌ಟಾಪ್ ಮೋಡ್ ಅಂತ ಇದೆ. ಅದಕ್ಕೆ ಹೋದರೆ ಅದು ಮಾಮೂಲಿ ಲಿನಕ್ಸ್ ಕಂಪ್ಯೂಟರೇ. ನನ್ನ ಮಗಳು ಗೆಳತಿಯ ಡೆಕ್‌ನಲ್ಲಿ ಅದನ್ನು ನೋಡಿದಾಗ ಶಾಲೆಯ ಲ್ಯಾಬಿನ ಕಂಪ್ಯೂಟರ್ ನೋಡಿದ ಹಾಗೆ ಆರಾಮವಾಗಿ ಓಡಾಡಿದಳು. ಕೀಬೋರ್ಡಿನ ಸೆಟ್ಟಿಂಗ್‌ನಲ್ಲಿ ಭಾಷೆಗಳ ಪಟ್ಟಿ ತೆರೆದರೆ ಕನ್ನಡ ಇದೆ, ಅದರ ಜೊತೆಗೆ ಉಚ್ಚಾರದಂತೆ ಇಂಗ್ಲಿಷ್ ಕೀಲಿ ಒತ್ತಿ ಕನ್ನಡ ಬರೆಯುವ ಕಗಪ ವಿನ್ಯಾಸವೂ ಇದೆ. ಹೊರಗಿನಿಂದ ಏನೂ ಹಾಕಬೇಕಾಗಿಲ್ಲ. ಇದು ಮುಖ್ಯ. ಯಾಕೆಂದರೆ ಸ್ಟೀಮ್‌ಒಎಸ್‌ನ ಮೂಲ ಭಾಗಕ್ಕೆ ಬೀಗ ಇರುತ್ತದೆ. ಅದನ್ನು ತೆರೆದು ನಾವು ಏನಾದರೂ ಸೇರಿಸಿದರೂ ಮುಂದಿನ ಅಪ್‌ಡೇಟ್ ಬಂದಾಗ ಅದು ಅಳಿಸಿಹೋಗುತ್ತದೆ. ಮೂಲ ಭಾಗವನ್ನು ಮುಟ್ಟದೆ ಪ್ರತ್ಯೇಕವಾಗಿ ಕೂರುವ ಫ್ಲಾಟ್‌ಪ್ಯಾಕ್ ರೂಪದ ಆ್ಯಪ್‌ಗಳು ಮಾತ್ರ ಹಾಗೇ ಉಳಿಯುತ್ತವೆ. ವಿಂಡೋಸ್‌ನಲ್ಲೂ ಕನ್ನಡ ಫೊನೆಟಿಕ್ ಕೀಲಿಮಣೆ 2019ರಿಂದ ಜೊತೆಗೇ ಬರುತ್ತಿದೆ. ಅಂದರೆ ಯೂನಿಕೋಡ್ ಕನ್ನಡ ಎರಡರಲ್ಲೂ ಆಗುತ್ತದೆ. ಆದರೆ ಅಂಗಡಿಯವರೂ ಹೇಳುವುದಿಲ್ಲ, ಲೇಖನದಲ್ಲೂ ಬರುವುದಿಲ್ಲ. ಗೊತ್ತಿಲ್ಲದ ಮಕ್ಕಳು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾ ಹೋಗುತ್ತಾರೆ. ಇಲ್ಲಿ ಕಚೇರಿಯಲ್ಲೂ ಬೋರ್ಡಿನಲ್ಲೂ ಕನ್ನಡಕ್ಕಾಗಿ ಕೇಳಿಕೇಳಿ ಸೋತ ನಮಗೆ, ಸ್ವಂತ ಮೆಷಿನ್‌ನಲ್ಲಿ ಕೈಯಳತೆಯಲ್ಲೇ ಇರುವ ಕನ್ನಡ ಬಳಕೆಯಾಗದೆ ಉಳಿಯುವುದು ನೋವಿನ ವಿಷಯ.

ಗೇಮ್ ವಿಷಯದಲ್ಲೂ ಆಪರೇಟಿಂಗ್ ಸಿಸ್ಟಂ ನೋಡಲೇಬೇಕು ಅಂತ ಮಗಳು ಹೇಳಿಕೊಟ್ಟಳು. ಆನ್‌ಲೈನ್‌ನಲ್ಲಿ ಹಲವರು ಸೇರಿ ಆಡುವ ಗೇಮ್‌ಗಳಲ್ಲಿ ಮೋಸ ತಡೆಯುವ ತಂತ್ರಾಂಶ ಇರುತ್ತದೆ. ಅದು ಲಿನಕ್ಸನ್ನು ಒಪ್ಪದಿದ್ದರೆ ಆಟ ಶುರುವೇ ಆಗುವುದಿಲ್ಲ. ವ್ಯಾಲೊರಂಟ್ ಸ್ಟೀಮ್‌ಒಎಸ್‌ನಲ್ಲಿ ಓಡುವುದಿಲ್ಲ. ಜಿಟಿಎ ಆನ್‌ಲೈನ್ ಓಡುತ್ತಿತ್ತು, 2024ರ ಸೆಪ್ಟೆಂಬರ್‌ನಲ್ಲಿ ನಿಂತಿತು. ಏಪೆಕ್ಸ್ ಲೆಜೆಂಡ್ಸ್ ಅದೇ ವರ್ಷ ಅಕ್ಟೋಬರ್ ಕೊನೆಗೆ ಲಿನಕ್ಸ್‌ನವರಿಗೆ ಬಾಗಿಲು ಮುಚ್ಚಿತು. ಒಬ್ಬರೇ ಆಡುವ ಕಥೆಯ ಗೇಮ್‌ಗಳಿಗೆ ಈ ತೊಂದರೆ ಕಡಿಮೆ. ಮಗಳಿಗೆ ವ್ಯಾಲೊರಂಟ್ ಬೇಕು, ನನಗೆ ಪೇಜ್‌ಮೇಕರ್ ಬೇಕು. ಬೇರೆ ಬೇರೆ ಕಾರಣಕ್ಕೆ ಇಬ್ಬರೂ ವಿಂಡೋಸಿಗೇ ಬಂದು ನಿಂತೆವು. ಸ್ಟೀಮ್ ಡೆಕ್‌ಗೂ ವಿಂಡೋಸ್ ಹಾಕಬಹುದು, ಆದರೆ ಅದರ ಸರಾಗ ಗುಣವನ್ನೆಲ್ಲ ತೆಗೆದು ಹಾಕಿದ ಹಾಗಾಗುತ್ತದೆ.

ಇನ್ನು ಪರದೆ. ಕನ್ನಡ ಓದುವವರು ಇದನ್ನು ಕಣ್ಣಾರೆ ನೋಡಬೇಕು. ನಮ್ಮ ಅಕ್ಷರದ ಕೆಳಗೆ ಒತ್ತು ಬರುತ್ತದೆ. ರಾಷ್ಟ್ರ, ಶಾಸ್ತ್ರ, ವೈಶಿಷ್ಟ್ಯ ಅಂತ ಸಣ್ಣ ಅಕ್ಷರದಲ್ಲಿ ಬರೆದು ನೋಡಿ. ಮೊದಲ ಸ್ಟೀಮ್ ಡೆಕ್‌ನ 7 ಇಂಚಿನ ಪರದೆಯಲ್ಲಿ 1280x800 ಚುಕ್ಕೆಗಳು, ಆಲಿಯದು ಅದೇ ಅಳತೆಯಲ್ಲಿ 1920x1080. ಎರಡನೆಯದರಲ್ಲಿ ಒತ್ತಿನ ಅಂಚು ಚೂಪಾಗಿ ಕಾಣುತ್ತದೆ, ಆದರೆ ವಿಂಡೋಸ್‌ನ ಅಕ್ಷರ ಗಾತ್ರ ಹೆಚ್ಚಿಸಿಕೊಳ್ಳದಿದ್ದರೆ ಎಲ್ಲವೂ ಇರುವೆಯಷ್ಟು. ಹೆಚ್ಚಿಸಿದರೆ ಪುಟದ ಜಾಗ ಕಡಿಮೆಯಾಗುತ್ತದೆ. ಲೀಜನ್ ಗೋದ 8.8 ಇಂಚಿನ ಪರದೆ ಓದಲಿಕ್ಕೆ ಎಷ್ಟೋ ಮೇಲು. ಆದರೆ ಎರಡೂ ಬದಿಯ ಕಂಟ್ರೋಲರ್ ಸೇರಿ ಅದು 854 ಗ್ರಾಂ ತೂಗುತ್ತದೆ, ಮೊದಲ ಆಲಿ 608 ಗ್ರಾಂ. ಇವು ಯಾವುವೂ ಜೇಬಿಗೆ ಹೋಗುವಂಥವಲ್ಲ, ಚೀಲಕ್ಕೆ ಹೋಗುವಂಥವು. ಜಿಪಿಡಿ ಕಂಪನಿಯ ವಿನ್ 4 ಇನ್ನೂ ಚಿಕ್ಕದು. ಪರದೆ ಸರಿಸಿದರೆ ಅಡಿಯಲ್ಲಿ ಕೀಬೋರ್ಡೂ ಇದೆ. ಆದರೆ ಅದು ಹೆಬ್ಬೆರಳಿನ ಕೀಬೋರ್ಡು. ಅದರಲ್ಲಿ ಒಂದು ಸಂದೇಶ ಬರೆಯಬಹುದು, ಒಂದು ಆಮಂತ್ರಣ ಪತ್ರಿಕೆ ಮಾಡಲಾಗದು.

ಅದಕ್ಕೇ ಪೋರ್ಟ್, ಅಂದರೆ ವಯರು ಸಿಕ್ಕಿಸುವ ಜಾಗ, ಎಷ್ಟಿದೆ ಅಂತ ಎಣಿಸಬೇಕು. ಒಂದೇ ಪೋರ್ಟಿಗೆ ಹಲವು ಸಾಧನ ಜೋಡಿಸಿಕೊಡುವ ಟೈಪ್-ಸಿ ಡಾಕ್ ಸಿಕ್ಕಿಸಿ, ಮಾನಿಟರ್, ಕೀಬೋರ್ಡ್, ಮೌಸ್ ಜೋಡಿಸಿದರೆ ಇದು ಪೂರ್ತಿ ಡೆಸ್ಕ್‌ಟಾಪ್ ಆಗುತ್ತದೆ. ಮೆಮೊರಿ ಬೋರ್ಡಿಗೇ ಬೆಸುಗೆಯಾಗಿರುತ್ತದೆ, ಮುಂದೆ ಹೆಚ್ಚಿಸಲಾಗದು, ಮತ್ತು ಅದೇ ಮೆಮೊರಿಯಿಂದಲೇ ಗ್ರಾಫಿಕ್ಸ್‌ಗೂ ಪಾಲು ಹೋಗುತ್ತದೆ. ಎಸ್‌ಎಸ್‌ಡಿ ಮಾತ್ರ ಸಾಮಾನ್ಯವಾಗಿ ಬದಲಾಯಿಸಬಹುದು.

ಬ್ಯಾಟರಿ ಬಗ್ಗೆ ಎಲ್ಲರೂ ಗಂಟೆಯ ಲೆಕ್ಕ ಹೇಳುತ್ತಾರೆ. ನೀವು ವ್ಯಾಟ್-ಅವರ್, ಅಂದರೆ ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಅನ್ನುವ ಲೆಕ್ಕ, ಕೇಳಿ. ಮೊದಲ ಆಲಿಯದು 40, ಮೊದಲ ಸ್ಟೀಮ್ ಡೆಕ್‌ನದೂ 40, ಡೆಕ್‌ನ ಓಎಲ್‌ಇಡಿ ಮಾದರಿಯದು 50, 2024ರ ಆಲಿ ಎಕ್ಸ್‌ನದು 80. ಭಾರೀ ಗೇಮ್‌ಗೆ ಚಿಪ್ ಒಂದೇ 25 ವ್ಯಾಟ್ ಎಳೆದರೆ, ಪರದೆಯ ಖರ್ಚೂ ಸೇರಿ 40ರ ಬ್ಯಾಟರಿ ಒಂದೂವರೆ ಗಂಟೆಯೂ ಬರುವುದಿಲ್ಲ. ಟೈಪಿಂಗ್‌ಗೆ ಅಷ್ಟು ಬೇಡ, ನಿಧಾನವಾಗಿ ಖರ್ಚಾಗುತ್ತದೆ. ಆಟಿ ತಿಂಗಳ ಮಳೆಯಲ್ಲಿ ನಮ್ಮ ಕಡೆ ಮರ ಬಿದ್ದು ಕರೆಂಟು ಹೋದರೆ ಬರುವುದು ಯಾವಾಗ ಅಂತ ಹೇಳಲಾಗದು. ಹಳೆಯ ಡೆಸ್ಕ್‌ಟಾಪ್‌ನ ಯುಪಿಎಸ್ ಫೈಲು ಸೇವ್ ಮಾಡುವಷ್ಟು ಹೊತ್ತು ನಿಂತರೆ ಪುಣ್ಯ. ಈಗ ಮಾನಿಟರ್ ಆರಿದರೂ ಇದರ ಪುಟ್ಟ ಪರದೆಯಲ್ಲಿ ತಿದ್ದುಪಡಿ ಮುಂದುವರಿಸಬಹುದು. ನನಗೆ ಅತಿ ಹೆಚ್ಚು ಉಪಕಾರವಾದದ್ದು ಇದೇ.

ಇನ್ನೊಂದು ವಿಷಯ ನಮ್ಮ ಜಿಲ್ಲೆಯವರಿಗೆ ವಿಶೇಷವಾಗಿ ಹೇಳಬೇಕು. ಇಲ್ಲಿ ಮನೆಗೊಬ್ಬರು ಗಲ್ಫ್‌ನಲ್ಲಿದ್ದಾರೆ. ಬರುವಾಗ ಒಂದು ತಂದುಕೊಡಿ ಅಂತ ಹೇಳುವುದು ಸುಲಭ. ಸ್ಟೀಮ್ ಡೆಕ್ ಅನ್ನು ವಾಲ್ವ್ ಭಾರತದಲ್ಲಿ ಅಧಿಕೃತವಾಗಿ ಮಾರುವುದಿಲ್ಲ. ಹೊರಗಿನಿಂದ ತಂದದ್ದು ಕೆಟ್ಟರೆ ಇಲ್ಲಿ ಕಂಪನಿಯ ಕೈ ಹಿಡಿಯುವವರಿಲ್ಲ. ಹೊಸ ಜಾತಿಯ ಮೆಷಿನ್‌ಗಳು ಕೆಡುವುದೂ ಉಂಟು. ಮೊದಲ ಆಲಿಯಲ್ಲಿ ಮೆಮೊರಿ ಕಾರ್ಡ್ ಹಾಕುವ ಜಾಗ ಬಿಸಿಗೆ ಕೈಕೊಡುತ್ತದೆ ಅಂತ 2023ರಲ್ಲಿ ದೂರು ಬಂದು, ಕಂಪನಿಯೇ ಅದನ್ನು ಒಪ್ಪಿಕೊಂಡಿತ್ತು. ಅಂಥ ಹೊತ್ತಿಗೆ ಮಂಗಳೂರಿನಲ್ಲೋ ಕಣ್ಣೂರಿನಲ್ಲೋ ತೋರಿಸಲಿಕ್ಕೆ ಜಾಗ ಇದೆಯಾ ಅಂತ ಬಿಲ್ ಮಾಡಿಸುವ ಮೊದಲೇ ಕೇಳಬೇಕು. ಗಲ್ಫ್‌ನಲ್ಲಿ ಸ್ವಲ್ಪ ಅಗ್ಗ ಸಿಗುತ್ತದೆ ಅನ್ನುವ ಒಂದೇ ಕಾರಣಕ್ಕೆ ವಾರಂಟಿ ಬಿಟ್ಟುಕೊಡುವುದನ್ನು ನಾನು ಒಪ್ಪಲಾರೆ.

ನಾವು ಕೊನೆಗೆ ಇಲ್ಲಿಯೇ ಬಿಲ್ ಮಾಡಿಸಿ ಆಲಿ ಎಕ್ಸ್ ತೆಗೆದುಕೊಂಡೆವು. 24 ಜಿಬಿ ಮೆಮೊರಿ, ದೊಡ್ಡ ಬ್ಯಾಟರಿ, ಎರಡು ಟೈಪ್-ಸಿ ಪೋರ್ಟ್. ಒಂದಕ್ಕೆ ಡಾಕ್, ಒಂದಕ್ಕೆ ಚಾರ್ಜರ್. ದುಬಾರಿಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂಗಡಿಗೊಂದು, ಮಗಳಿಗೊಂದು ಅಂತ ಕೊಂಡಿದ್ದರೆ ಅದಕ್ಕಿಂತ ಹೆಚ್ಚಾಗುತ್ತಿತ್ತು. ಬರೀ ಫಾರ್ಮ್ ತುಂಬುವುದು, ವಾಟ್ಸ್ಆ್ಯಪ್, ಯುಪಿಐ ಇಷ್ಟೇ ಸಾಕು ಅನ್ನುವವರು ಸುಮ್ನೆ ಇದಕ್ಕೆ ಹಣ ಹಾಕಬೇಡಿ, ನಿಮ್ಮ ಫೋನೇ ಸಾಕು.

ತಮ್ಮಲ್ಲಿ ನನ್ನ ವಿನಂತಿ ಏನೆಂದರೆ, ಮುಂದಿನ ಸಲ ಇಂಥ ಮೆಷಿನ್‌ಗಳ ಬಗ್ಗೆ ಬರೆಸುವಾಗ ಲೇಖಕರು ಒಂದು ಪುಟ ಕನ್ನಡ ಅದರಲ್ಲೇ ಟೈಪ್ ಮಾಡಿ ನೋಡಲಿ. ನುಡಿ ಅಕ್ಷರದ ಒಂದು ಹಳೆಯ ಫೈಲು ತೆರೆದು ನೋಡಲಿ. ಸರ್ವಿಸ್ ಎಲ್ಲಿ ಸಿಗುತ್ತದೆ ಅಂತ ಊರಿನ ಹೆಸರು ಹಾಕಲಿ. ಬೆಂಗಳೂರು ಒಂದನ್ನೇ ಹಾಕಿದರೆ ಗಡಿಯ ನಮಗೆ ಪ್ರಯೋಜನವಿಲ್ಲ. ಪರೀಕ್ಷೆಗೆ ಬೇಕಾದ ಫೈಲುಗಳು, ಕನ್ನಡದ್ದೂ ಮಲಯಾಳದ್ದೂ, ನನ್ನ ಹತ್ತಿರ ಬೇಕಾದಷ್ಟಿವೆ. ಕೇಳಿದರೆ ಸಂತೋಷದಿಂದ ಕಳುಹಿಸಿಕೊಡುತ್ತೇನೆ.

ಇತಿ,
ಡಿಟಿಪಿ ಅಂಗಡಿಯ ಓದುಗಿ
ಬದಿಯಡ್ಕ, ಕಾಸರಗೋಡು ಜಿಲ್ಲೆ