ಉಪ್ಪಿನ ಮೂಟೆ

ಪ್ರೀತಿಯ ಪುಟ್ಟಿ,

ದರೋಜಿ ಕರಡಿಧಾಮದ ವೀಕ್ಷಣಾ ಗೋಪುರದ ಮೇಲೆ ನೀನು ಕೇಳಿದ ಪ್ರಶ್ನೆ ಹಾಗೇ ಉಳಿದುಬಿಟ್ಟಿತು. ರಜೆಯ ಕೊನೆಯ ಸಂಜೆ ಅದು. ಎದುರಿನ ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಅರಣ್ಯ ಇಲಾಖೆಯವರು ಬೆಲ್ಲದ ಪಾಕ ಸವರಿ ಹೋಗಿದ್ದರು. ಬಂಡೆಯ ಸಂದಿಯಿಂದ ತಾಯಿ ಕರಡಿ ಇಳಿದು ಬಂತು, ಬೆನ್ನ ಮೇಲೆ ಎರಡು ಮರಿ. ‘ಅಪ್ಪಾ, ಉಪ್ಪಿನ ಮೂಟೆ!’ ಅಂದೆ. ಸ್ವಲ್ಪ ಹೊತ್ತಿಗೆ ಎಲ್ಲೋ ನವಿಲು ಕೂಗಿತು. ಪಾಕ ನೆಕ್ಕುತ್ತಿದ್ದ ಮರಿಗಳು ದಡಬಡ ಓಡಿ ಮತ್ತೆ ಬೆನ್ನೇರಿದವು. ‘ಪಕ್ಕದಲ್ಲೇ ಮರ ಇತ್ತಲ್ಲ, ಅದನ್ನ್ಯಾಕೆ ಹತ್ತಲಿಲ್ಲ?’ ಎಂದು ನೀನು ಕೇಳಿದೆ. ಅಷ್ಟರಲ್ಲಿ ಗೇಟು ಮುಚ್ಚುವ ಹೊತ್ತಾಯಿತು. ಮರುದಿನ ಬೆಳಿಗ್ಗೆ ನಿನಗೆ ಧಾರವಾಡದ ಬಸ್ಸು.

ನಮ್ಮ ಕರಡಿಗೆ ಮರ ಹತ್ತಲು ಚೆನ್ನಾಗಿ ಬರುತ್ತದೆ ಪುಟ್ಟಿ. ಜೇನಿಗಾಗಿ ಹತ್ತುತ್ತದೆ, ಹಣ್ಣಿಗಾಗಿ ಹತ್ತುತ್ತದೆ. ಆದರೆ ಜೀವಭಯಕ್ಕೆ ಹತ್ತುವುದು ಅಪರೂಪ. ಅಮೆರಿಕದ ಕಪ್ಪು ಕರಡಿ ಅಪಾಯ ಕಂಡರೆ ಮರಿಗಳನ್ನು ಮರಕ್ಕೆ ಅಟ್ಟುತ್ತದೆ. ಇಲ್ಲಿ ಆ ಉಪಾಯ ನಡೆಯುವುದಿಲ್ಲ, ಏಕೆಂದರೆ ಚಿರತೆ ಮರಿಗಿಂತ ಬೇಗ ಮರ ಹತ್ತುತ್ತದೆ. ಜೊತೆಗೆ ಇದು ಕುರುಚಲು ಕಾಡು, ಎತ್ತರದ ಮರಗಳೇ ಕಡಿಮೆ. ಹಾಗಾಗಿ ತಾಯಿ ತನ್ನ ಬೆನ್ನನ್ನೇ ಮರ ಮಾಡಿಕೊಂಡಿದೆ. ಭುಜದ ಮೇಲಿನ ಆ ಉದ್ದ ಜೂಲು ನೋಡಿದೆಯಲ್ಲ, ಮರಿ ಅದನ್ನೇ ಹಿಡಿದುಕೊಂಡಿರುತ್ತದೆ. ತಾಯಿ ಓಡಿದರೂ, ಬಂಡೆ ಏರಿದರೂ, ತಿರುಗಿಬಿದ್ದರೂ ಕೈ ಬಿಡುವುದಿಲ್ಲ. ಮರಿಯನ್ನು ಹೀಗೆ ತಿಂಗಳುಗಟ್ಟಲೆ ಹೊತ್ತು ತಿರುಗುವುದು ಬೇರೆ ಯಾವ ಜಾತಿಯ ಕರಡಿಯಲ್ಲೂ ಇಲ್ಲ. ಹುಲಿ ಎದುರಾದರೂ ನಮ್ಮ ಕರಡಿ ಹಿಂಗಾಲ ಮೇಲೆ ಎದ್ದು ನಿಂತು ಅಬ್ಬರಿಸುತ್ತದೆ.

ಆ ಮರಿಗಳು ಹುಟ್ಟಿದ್ದು ಚಳಿಗಾಲದಲ್ಲಿ, ಗವಿಯೊಳಗೆ. ಹುಟ್ಟುವಾಗ ಕಣ್ಣು ಮುಚ್ಚಿರುತ್ತವೆ, ತೆರೆಯಲು ಮೂರು ವಾರ ಬೇಕು. ಆಗ ತಾಯಿ ಹೊರಗೆ ಬರುವುದೇ ಅಪರೂಪ, ಹೆಚ್ಚಿನ ದಿನ ಉಪವಾಸ. ತಂದೆ ಯಾವುದಕ್ಕೂ ಇಲ್ಲ. ಎರಡು ಮೂರು ತಿಂಗಳಾದ ಮೇಲೆ ಮರಿ ಬೆನ್ನೇರಿ ಬಿಸಿಲು ಕಾಣುತ್ತದೆ. ಅಲ್ಲಿಂದ ಮುಂದೆ ತಾಯಿ ಹೋದಲ್ಲೆಲ್ಲ ಅದರ ಶಾಲೆ. ಗೆದ್ದಲ ಹುತ್ತ ಬಗೆಯುವುದನ್ನು ಬೆನ್ನ ಮೇಲಿಂದಲೇ ಕಲಿಯುತ್ತದೆ: ಮೊದಲು ಉಗುರಿನಿಂದ ಕೆದರುವುದು, ಮಣ್ಣು ಊದುವುದು, ಮೂಗಿನ ಹೊಳ್ಳೆ ಮುಚ್ಚಿಕೊಂಡು ತುಟಿ ಚಾಚಿ ಸೊರ್ರನೆ ಹೀರುವುದು. ಕರಡಿಗೆ ಮೇಲಿನ ದವಡೆಯಲ್ಲಿ ಮುಂದಿನ ಎರಡು ಹಲ್ಲು ಇರುವುದಿಲ್ಲ, ಗೆದ್ದಲು ಆ ಸಂದಿಯಿಂದಲೇ ಒಳಗೆ ಹೋಗುತ್ತದೆ. ಕವಳೆ, ಕಾರೆ, ಬೋರೆ ಹಣ್ಣು ಎಲ್ಲಿ ಯಾವಾಗ ಹಣ್ಣಾಗುತ್ತವೆ ಎಂಬುದೂ ಹೀಗೇ ತಿಳಿಯುತ್ತದೆ. ಎರಡು ವರ್ಷದ ಹತ್ತಿರ ಜೊತೆಗಿದ್ದು ಆಮೇಲೆ ಬೇರೆಯಾಗುತ್ತವೆ.

ಪೇಪರಿನಲ್ಲಿ ‘ಕರಡಿ ದಾಳಿ’ ಎಂದು ಓದುತ್ತೀಯಲ್ಲ, ಅದರ ಹಿಂದೆ ಎಷ್ಟೋ ಸಲ ಈ ಬೆನ್ನೇ ಇರುತ್ತದೆ. ನಸುಕಿನಲ್ಲಿ ಹೊಲಕ್ಕೆ ನೀರು ಹಾಯಿಸಲು ಹೋದವರು, ಬಯಲಿಗೆ ಹೋದವರು ತಿರುವಿನಲ್ಲಿ ಥಟ್ಟನೆ ಎದುರಾಗುತ್ತಾರೆ. ಕರಡಿಗೆ ದೃಷ್ಟಿ ಮಂದ. ತಿನ್ನುವುದರಲ್ಲಿ ಮುಳುಗಿದ್ದರೆ ಕಾಲ ಸಪ್ಪಳವೂ ಕೇಳಿಸುವುದಿಲ್ಲ. ತೀರ ಹತ್ತಿರ ಬಂದ ಮೇಲೆ ಮನುಷ್ಯನನ್ನು ಕಂಡಾಗ ಅದಕ್ಕೆ ತಿಳಿಯುವುದು ಒಂದೇ, ಮರಿ ಉಳಿಯಬೇಕು. ಮುಖ ಹರಿಸಿಕೊಂಡವರ ಸಂಕಟ ಸಣ್ಣದಲ್ಲ, ಅದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಆದರೂ ಅದನ್ನು ಕ್ರೂರ ಪ್ರಾಣಿ ಎಂದು ಬರೆಯುವವರನ್ನು ನನ್ನಿಂದ ಒಪ್ಪಲಾಗುವುದಿಲ್ಲ. ಹೊಲದ ದಾರಿಯಲ್ಲಿ ನಾನು ಕೆಮ್ಮುತ್ತಾ, ಕೋಲು ಬಡಿಯುತ್ತಾ ನಡೆಯುವುದು ನೋಡಿ ನೀನು ನಗುತ್ತಿದ್ದೆ. ‘ನಾನು ಬರ್ತಿದೀನಮ್ಮಾ’ ಎಂದು ಅವಳಿಗೆ ಹೇಳುವ ರೀತಿ ಅದು.

ಇನ್ನೊಂದು ಮಾತಿದೆ, ಇಷ್ಟು ವರ್ಷ ನಿನಗೆ ಹೇಳಿರಲಿಲ್ಲ. ನಾನೂ ಕರಡಿಯ ಬೆನ್ನೇರಿದವನೇ. ಆರು ವರ್ಷ ಇರಬಹುದು. ರಾತ್ರಿ ಬೆಚ್ಚಿಬೀಳುತ್ತಿದ್ದೆ ಎಂದು ನಿಮ್ಮಜ್ಜಿ, ಓಣಿಗೆ ಬಂದ ಕರಡಿ ಆಡಿಸುವವನಿಗೆ ಒಂದು ಸೇರು ಜೋಳ ಕೊಟ್ಟು ನನ್ನನ್ನು ಅದರ ಮೇಲೆ ಕೂರಿಸಿದಳು. ಅದರ ನಾಲ್ಕು ಕೂದಲು ಕಿತ್ತು ತಾಯತ ಮಾಡಿ ಉಡಿದಾರಕ್ಕೆ ಕಟ್ಟಿದರು. ಭಯ ಹೋಯಿತು ಎಂದೇ ಮನೆಯಲ್ಲಿ ನಂಬಿದ್ದರು. ಅದರ ಮೂಗಿಗೆ ಹಗ್ಗ ಪೋಣಿಸಿತ್ತು, ಎಳೆದಾಗಲೆಲ್ಲ ಅದು ಎದ್ದು ನಿಲ್ಲುತ್ತಿತ್ತು. ನಾವು ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದೆವು.

ಆ ಕರಡಿ ಎಲ್ಲಿಂದ ಬಂತು ಎಂಬುದು ತಿಳಿದದ್ದು ದೊಡ್ಡವನಾದ ಮೇಲೆ. ಮರಿ ಬೇಕೆಂದರೆ ತಾಯಿಯನ್ನು ಕೊಲ್ಲಬೇಕು. ಬದುಕಿರುವ ತನಕ ಬೆನ್ನ ಮೇಲಿನ ಮರಿಯನ್ನು ಆಕೆ ಬಿಟ್ಟುಕೊಡುವುದಿಲ್ಲ. ತಾಯಿ ಸತ್ತರೂ ಜೂಲು ಬಿಡದ ಮರಿಯನ್ನು ಕಿತ್ತು ತಂದು, ಕಾದ ಕಬ್ಬಿಣದಿಂದ ಮೂಗು ಚುಚ್ಚಿ, ಹಲ್ಲು ಮುರಿದು ಕುಣಿತ ಕಲಿಸುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೂ ಇದು ನಡೆದೇ ಇತ್ತು. ಕರಡಿ ಆಡಿಸುತ್ತಿದ್ದ ಕಲಂದರ್ ಜನರಿಗೂ ಹೊಟ್ಟೆಪಾಡಿಗೆ ಬೇರೆ ದಾರಿ ಇರಲಿಲ್ಲ. ಅವರಿಗೆ ಬೇರೆ ಕಸುಬು ಕೊಡಿಸಿ, ಕರಡಿಗಳನ್ನು ಬಿಡಿಸಿಕೊಳ್ಳುವ ಕೆಲಸ ವರ್ಷಗಟ್ಟಲೆ ನಡೆಯಿತು. ದೇಶದ ಕೊನೆಯ ಕುಣಿಯುವ ಕರಡಿ ಎಂದು ರಾಜು ಎಂಬ ಕರಡಿಯನ್ನು ಬನ್ನೇರುಘಟ್ಟದ ಕೇಂದ್ರಕ್ಕೆ ಸೇರಿಸಿದ್ದು 2009ರ ಡಿಸೆಂಬರಿನಲ್ಲಿ. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ನನ್ನನ್ನು ಹೊತ್ತ ಆ ಕರಡಿಯೂ ಒಂದು ಕಾಲದಲ್ಲಿ ಯಾರದೋ ಬೆನ್ನ ಮೇಲೆ ಇದ್ದದ್ದೇ ಅಲ್ಲವೇ?

1994ರಲ್ಲಿ ದರೋಜಿ ಕರಡಿಧಾಮವಾದಾಗ ನಮ್ಮ ಕಡೆ ಬಹಳ ಜನಕ್ಕೆ ಅದರ ಬೆಲೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನಿನ್ನನ್ನು ಅಲ್ಲಿಗೆ ಮತ್ತೆ ಮತ್ತೆ ಕರೆದುಕೊಂಡು ಹೋಗುವುದು ಇದಕ್ಕೇ.

ದೀಪಾವಳಿ ರಜೆಗೆ ನೀನು ಬರುವಷ್ಟರಲ್ಲಿ ಆ ಎರಡೂ ಹೊರಲಾರದಷ್ಟು ಭಾರವಾಗಿರುತ್ತವೆ, ಬಹುಶಃ ಹಿಂದೆ ಹಿಂದೆ ನಡೆದು ಬರುತ್ತವೆ. ಈ ಸಲ ಮಧ್ಯಾಹ್ನವೇ ಗೋಪುರ ಹತ್ತೋಣ. ದುರ್ಬೀನು ನಿನ್ನ ಕೈಯಲ್ಲೇ ಇರಲಿ.

ಅಮ್ಮ ಶೇಂಗಾ ಚಟ್ನಿಪುಡಿ ಕಳಿಸಿದ್ದಾಳೆ, ಮುಟ್ಟಿದ ಕೂಡಲೇ ಫೋನ್ ಮಾಡು.

ನಿನ್ನ
ಅಪ್ಪ