ಮಗುವಿನ ಕೈ ತಾನೇ ತಪ್ಪಲಿ, ತಾನೇ ತಿದ್ದಿಕೊಳ್ಳಲಿ

ಪ್ರಿಯ ಪೋಷಕರೇ,

ನಮಸ್ಕಾರ. ಕಳೆದ ಸಭೆಯಲ್ಲಿ ನಿಮ್ಮಲ್ಲಿ ಹಲವರು ಹೆಚ್ಚುಕಡಿಮೆ ಒಂದೇ ಮಾತು ಹೇಳಿದಿರಿ. "ಪಾಠ ಎಲ್ಲ ಬರತ್ತೆ ಮೇಡಂ, ಅಕ್ಷರ ನೋಡಿದ್ರೆ ಮಾತ್ರ ಕಾಗೆ ಕಾಲು ಗುಬ್ಬಿ ಕಾಲು. ಚೆಂಡು ಎಸೆದ್ರೆ ಹಿಡಿಯೋಕೂ ಆಗಲ್ಲ. ಗಮನವೇ ಇಲ್ಲ." ಗಮನದ ಬಗ್ಗೆ ನನ್ನದೊಂದು ತಕರಾರಿದೆ. ಅದಕ್ಕೇ ಈ ಪತ್ರ.

ಹೋದ ತಿಂಗಳು ನನ್ನ ಬಲ ಮಣಿಕಟ್ಟು ಉಳುಕಿತ್ತು. ಎಡಗೈಯಲ್ಲಿ ಬೋರ್ಡ್ ಮೇಲೆ 'ಅ' ಬರೆಯಲು ಹೋದೆ. ಸೀಮೆಸುಣ್ಣ ಎಲ್ಲೋ ಸುತ್ತಿ ಎಲ್ಲೋ ನಿಂತಿತು. ಒಂದನೇ ತರಗತಿಯವರು ಬಿದ್ದು ಬಿದ್ದು ನಕ್ಕರು. 'ಅ' ಹೇಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗಮನವೂ ಇತ್ತು, ನಾಲಿಗೆ ಕಚ್ಚಿಕೊಂಡು ಬರೆದಿದ್ದೆ. ಕೈಗೆ ರೂಢಿ ಇರಲಿಲ್ಲ, ಅಷ್ಟೇ.

ಈ ರೂಢಿ ಕೂರಿಸುವುದರಲ್ಲಿ ದೊಡ್ಡ ಪಾಲು ಕಿರುಮೆದುಳಿನದು. ಮಕ್ಕಳ ವಿಜ್ಞಾನ ಪುಸ್ತಕದಲ್ಲಿ ಅದಕ್ಕೆ ಅನುಮಸ್ತಿಷ್ಕ ಎಂಬ ಹೆಸರಿದೆ. ತಲೆಯ ಹಿಂಬದಿ, ಕತ್ತಿನ ಮೇಲ್ಗಡೆ ಇರುತ್ತದೆ. ತೂಕದಲ್ಲಿ ಮೆದುಳಿನ ಹತ್ತರಲ್ಲಿ ಒಂದು ಪಾಲು. ಆದರೆ ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿಯಷ್ಟು ಇಲ್ಲೇ ಇವೆ! ಕೈ ಎತ್ತು ಎಂಬ ಅಪ್ಪಣೆ ಹೊರಡುವುದು ಬೇರೆ ಕಡೆಯಿಂದ. ಎಷ್ಟು ಬಲ ಹಾಕಬೇಕು, ಯಾವ ಕ್ಷಣಕ್ಕೆ ನಿಲ್ಲಿಸಬೇಕು ಎಂಬ ಲೆಕ್ಕ ಕಿರುಮೆದುಳಿನದು.

ಈ ಪತ್ರವನ್ನು ಕೈಯಲ್ಲಿ ಹಿಡಿದು, ತಲೆಯನ್ನು ಬೇಗ ಬೇಗ ಎಡಕ್ಕೂ ಬಲಕ್ಕೂ ಆಡಿಸುತ್ತಾ ಓದಿ ನೋಡಿ. ಓದಬಹುದು. ಈಗ ತಲೆ ಅಲ್ಲಾಡಿಸದೆ ಪತ್ರವನ್ನೇ ಅಷ್ಟು ಜೋರಾಗಿ ಆಡಿಸಿ. ಅಕ್ಷರ ಕಲಸಿಹೋಗುತ್ತದೆ, ಅಲ್ವಾ? ತಲೆ ತಿರುಗಿದಷ್ಟೇ ಕಣ್ಣು ಅದರ ವಿರುದ್ಧ ದಿಕ್ಕಿಗೆ ಹೊರಳುವುದರಿಂದ ಮೊದಲನೆಯದು ಸಾಧ್ಯ. ಆ ಅಳತೆ ತಪ್ಪದಂತೆ ಕಿರುಮೆದುಳು ಕಾಯುತ್ತದೆ. ಹೊಸ ಕನ್ನಡಕ ಹಾಕಿದಾಗ ಒಂದೆರಡು ದಿನ ನೆಲ ತಗ್ಗು ದಿಬ್ಬ ಅನ್ನಿಸಿ ಆಮೇಲೆ ಸರಿಹೋಗುತ್ತದಲ್ಲ, ಅಲ್ಲಿ ನಡೆಯುವುದೂ ಇದೇ ಬಗೆಯ ಹೊಂದಾಣಿಕೆ.

ಕಿರುಮೆದುಳು ಕೆಟ್ಟರೆ ಏನಾಗುತ್ತದೆ ಎಂದು ಬ್ರಿಟಿಷ್ ವೈದ್ಯ ಗಾರ್ಡನ್ ಹೋಮ್ಸ್ 1917ರಲ್ಲಿ ಬರೆದರು. ಮೊದಲ ಮಹಾಯುದ್ಧದಲ್ಲಿ ಗುಂಡು ತಗುಲಿ ಕಿರುಮೆದುಳಿಗೆ ಪೆಟ್ಟಾದ ಸೈನಿಕರನ್ನು ಅವರು ನೋಡಿದ್ದರು. ಸೈನಿಕರ ಕೈ ಬಿದ್ದುಹೋಗಿರಲಿಲ್ಲ. ಆದರೆ ಬೆರಳು ಗುರಿ ದಾಟಿ ಹೋಗುತ್ತಿತ್ತು, ಹತ್ತಿರ ಬಂದಂತೆ ನಡುಗುತ್ತಿತ್ತು. ಅವರ ರೋಗಿಯೊಬ್ಬ, ಎಡಗೈ ತಾನಾಗಿ ಆಡುತ್ತದೆ, ಬಲಗೈಯ ಒಂದೊಂದು ಚಲನೆಯನ್ನೂ ಯೋಚಿಸಿ ಮಾಡಬೇಕು ಎಂದನಂತೆ. ಪೆನ್ಸಿಲ್ ಹಿಡಿದ ಆರು ವರ್ಷದ ಮಗು ನೆನಪಾಯಿತು ನನಗೆ. ಮಗುವಿಗೆ ಕಾಯಿಲೆ ಇಲ್ಲ, ರೂಢಿ ಇನ್ನೂ ಆಗಿಲ್ಲ. ಆದರೆ ಯೋಚಿಸಿ ಯೋಚಿಸಿ ಗೀರುವ ಆ ಸುಸ್ತು ಹೆಚ್ಚುಕಡಿಮೆ ಅದೇ.

ರೂಢಿ ಆಗುವುದು ಹೇಗೆ? ತಪ್ಪಿನಿಂದಲೇ. ಕಿರುಮೆದುಳಿನಲ್ಲಿ ಪರ್ಕಿಂಜೆ ಕೋಶಗಳೆಂದಿವೆ. ಒಂದೊಂದಕ್ಕೂ ಲಕ್ಷಕ್ಕಿಂತ ಜಾಸ್ತಿ ಸಣ್ಣ ಎಳೆಗಳಿಂದ ಸುದ್ದಿ ಬರುತ್ತದೆ. ಜೊತೆಗೆ ಒಂದೇ ಒಂದು ಗಟ್ಟಿ ಎಳೆ ಬಳ್ಳಿಯಂತೆ ಸುತ್ತಿಕೊಂಡಿರುತ್ತದೆ. ಅಂದುಕೊಂಡದ್ದಕ್ಕೂ ಆದದ್ದಕ್ಕೂ ತಾಳೆಯಾಗದಿದ್ದರೆ "ತಪ್ಪಿತು" ಎಂದು ಕೂಗುವುದು ಈ ಎಳೆ. ಆ ಹೊತ್ತಿಗೆ ದುಡಿಯುತ್ತಿದ್ದ ಸಣ್ಣ ಸಂಪರ್ಕಗಳ ಸದ್ದು ತಗ್ಗುತ್ತದೆ. ಜಪಾನಿನ ಮಸಾವೊ ಇಟೊ ಮತ್ತು ಜೊತೆಗಾರರು 1982ರಲ್ಲಿ ಇದನ್ನು ಪ್ರಯೋಗದಲ್ಲಿ ತೋರಿಸಿದರು. ಕಲಿಕೆಯ ಪೂರ್ತಿ ಗುಟ್ಟು ಇಷ್ಟೇ ಅಲ್ಲ, ಆದರೆ ಇದು ಅದರ ಮುಖ್ಯ ತುಂಡು.

ಕನ್ನಡದಲ್ಲಿ ಅಕ್ಷರ ಕಲಿಯುವುದಕ್ಕೇ 'ತಿದ್ದುವುದು' ಅನ್ನುತ್ತೇವೆ. ಎಷ್ಟು ಸರಿಯಾದ ಮಾತು! ಆದರೆ ನೀವು ಮೇಲಿಂದ ಕೈ ಹಿಡಿದು ಬರೆಸಿದರೆ ಗೆರೆ ನೆಟ್ಟಗೆ ಬರುತ್ತದೆ, ಮಗುವಿನ ಕೈ ತಪ್ಪುವುದೇ ಇಲ್ಲ. ತಿದ್ದಿಕೊಳ್ಳಲು ಏನು ಉಳಿಯಿತು? ಆಕಾರ ತೋರಿಸಲು ಒಂದೆರಡು ಸಲ ಹಿಡಿಯಿರಿ, ಆಮೇಲೆ ಬಿಟ್ಟುಬಿಡಿ. ಚೆಂಡಾದರೆ ಮೆತ್ತನೆಯದನ್ನು ಹತ್ತಿರದಿಂದ ಎಸೆಯಿರಿ, ತಪ್ಪು ಸಣ್ಣದಾಗಿರಲಿ. ಭಾನುವಾರ ಎರಡು ಗಂಟೆ ಕೂರಿಸುವ ಬದಲು ದಿನಾ ಹತ್ತು ನಿಮಿಷ ಸಾಕು. ನಿದ್ದೆ ಕಡಿಮೆ ಮಾಡಬೇಡಿ, ಕಲಿತದ್ದು ಗಟ್ಟಿಯಾಗಲು ಅದೂ ಬೇಕು.

ಕಿರುಮೆದುಳು ಚುರುಕಾಗಿಸುವ ದುಬಾರಿ ಕೋರ್ಸ್‌ಗಳ ಬಗ್ಗೆ ಇಬ್ಬರು ಕೇಳಿದಿರಿ. ಸುಮ್ನೆ ದುಡ್ಡು ದಂಡ ಎಂಬುದು ನನ್ನ ಅಭಿಪ್ರಾಯ. ಹಗ್ಗ ಆಡಲಿ, ಸೈಕಲ್ ಕಲಿಯಲಿ. ಆದರೆ ಚೆನ್ನಾಗಿ ನಡೆಯುತ್ತಿದ್ದ ಮಗು ಇದ್ದಕ್ಕಿದ್ದಂತೆ ತೂರಾಡಿದರೆ, ಮಾತು ತೊದಲಿದರೆ, ಪತ್ರ ಗಿತ್ರ ನೋಡುತ್ತಾ ಕೂರಬೇಡಿ, ಅವತ್ತೇ ವೈದ್ಯರಿಗೆ ತೋರಿಸಿ.

ಇನ್ನೊಂದು ವಿಷಯ. ಸೋಮವಾರದಿಂದ ಒಂದು, ಎರಡನೇ ತರಗತಿಯ ಮಕ್ಕಳ ಶೂ ಲೇಸನ್ನು ಟೀಚರ್‌ಗಳು ಕಟ್ಟುವುದಿಲ್ಲ. ಪಕ್ಕದಲ್ಲಿ ಕೂತು ಕಾಯುತ್ತಾರೆ. ಹಾಗಾಗಿ ಮೊದಲ ಕೆಲವು ವಾರ ಮಕ್ಕಳು ಗೇಟಿಗೆ ಬರುವುದು ಐದು ನಿಮಿಷ ತಡವಾಗಬಹುದು. ಹಾರ್ನ್ ಮಾಡಬೇಡಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ