ಮೂರನೆಯ ಹೋಲ್‌ನ ಟೀ

ಮೈಸೂರು

ಪ್ರೀತಿಯ ಪುಟ್ಟಿಗೆ,

ನಾಳೆ ರಾತ್ರಿ ನೀನು ಒಹಾಯೊಗೆ ಹೊರಡುತ್ತೀಯೆ. ವಿದ್ಯಾರ್ಥಿವೇತನ, ವೀಸಾ, ಚಟ್ನಿಪುಡಿಗಳ ಮಾತನ್ನೆಲ್ಲ ಅಮ್ಮ ಹತ್ತು ಬಾರಿ ಆಡಿಯಾಗಿದೆ. ಎದುರು ಕುಳಿತು ಹೇಳಲು ನನಗೆ ಬಾಯಿ ಬಾರದ ಒಂದು ಸಂಗತಿ ಮಾತ್ರ ಉಳಿದಿದೆ. ಅದಕ್ಕಾಗಿ ಈ ಕಾಗದ.

ನಿನಗೆ ಹದಿನಾಲ್ಕು ತುಂಬಿದ ವರ್ಷದ ಆ ಗಾಲ್ಫ್ ಪಂದ್ಯ. ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಅವರ ತಂದೆ 2016ರಲ್ಲಿ ರಿಯೋ ಒಲಿಂಪಿಕ್ಸ್‌ನಲ್ಲಿ, ತಾಯಿ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕ್ಯಾಡಿಯಾಗಿ ಮಗಳ ಬ್ಯಾಗ್ ಹೊತ್ತದ್ದನ್ನು ಕಂಡು, ಆಟದ ಗಂಧವಿಲ್ಲದ ನಾನೂ ನಿನಗೆ ಕ್ಯಾಡಿಯಾಗಿದ್ದೆ. ಏಳನೆಯ ಹೋಲ್‌ನಲ್ಲಿ, ಅಂದರೆ ಏಳನೆಯ ಕುಳಿಯತ್ತ ಆಡುವಾಗ, ನಿನ್ನ ಚೆಂಡು ಎಡಕ್ಕೆ ಹೊರಳಿ ಮೂರನೆಯ ಹೋಲ್‌ನ ಆಟ ಶುರುವಾಗುವ ಜಾಗವಾದ ಟೀ ಮೇಲೆ ನಿಂತಿತು. ಟೀ ಎಂದ ಮೇಲೆ ನೆಲ ಸರಿಪಡಿಸಬಹುದೆಂದು ತಿಳಿದು, ಚೆಂಡಿನ ಹಿಂದೆ ಉಬ್ಬಿದ್ದ ಹುಲ್ಲನ್ನು ನಾನು ಬೂಟಿನಿಂದ ಒತ್ತಿಬಿಟ್ಟೆ. ಬೇರೆ ಯಾರೂ ನೋಡಿರಲಿಲ್ಲ. ನೀನೇ ಕೈಯೆತ್ತಿ ರೆಫರಿಯನ್ನು ಕರೆದೆ.

ಆಗ ನಾನು ಅವರೊಡನೆ ದನಿಯೇರಿಸಿ ವಾದಿಸಿದ್ದು, ಆಮೇಲೆ ಕಾರಿನಲ್ಲಿ ‘ನಿನ್ನನ್ನು ಯಾರು ಕೇಳಿದ್ದರು’ ಎಂದು ನಿನ್ನ ಮೇಲೆಯೇ ರೇಗಿದ್ದು ಇಂದಿಗೂ ನನ್ನ ನಿದ್ದೆ ಕೆಡಿಸುತ್ತದೆ. ನಿಯಮ ನಿನ್ನ ಪರವಾಗಿತ್ತು, ಮಗಳೇ. ನಾವು ಆಡಲು ತೊಡಗುವ ಹೋಲ್‌ನ ಟೀ ಮಾತ್ರ ನಮಗೆ ಟೀ. ಉಳಿದ ಹೋಲ್‌ಗಳ ಟೀಗಳೆಲ್ಲ ಸಾಮಾನ್ಯ ನೆಲ, ಅಲ್ಲಿ ಚೆಂಡು ಹೇಗೆ ಬಿದ್ದಿದೆಯೋ ಹಾಗೆಯೇ ಆಡಬೇಕು, ಚೆಂಡನ್ನು ಎತ್ತರಿಸಿಡುವ ಮರದ ಟೀ ಕಡ್ಡಿ ಚುಚ್ಚುವಂತಿಲ್ಲ, ನೆಲ ಒತ್ತುವಂತಿಲ್ಲ. ಒತ್ತಿದ್ದು ಕ್ಯಾಡಿಯಾದರೂ ಎರಡು ಸ್ಟ್ರೋಕ್ (ಹೊಡೆತ) ದಂಡ ಬೀಳುವುದು ಆಟಗಾರಳಿಗೆ. ನನ್ನ ಬೂಟಿನ ದಂಡವನ್ನು ನೀನು ತೆತ್ತೆ, ಒಂದೇ ಸ್ಟ್ರೋಕ್‌ನಿಂದ ಮುಂದಿನ ಸುತ್ತು ತಪ್ಪಿತು.

ಅದಕ್ಕಿಂತಲೂ ಹೆಚ್ಚು ಕಾಡುವುದು ಇನ್ನೊಂದು. ಅಲ್ಲಿ ಟೀಯ ಗಡಿ ತೋರಿಸುತ್ತಿದ್ದ ಮಾರ್ಕರ್ ನೀನು ಬೀಸಬೇಕಾಗಿದ್ದ ಕ್ಲಬ್ಬಿಗೆ ಅಡ್ಡವಾಗಿತ್ತು. ನಾನು ಮಾಡಿದ ಗೊಂದಲದಿಂದ ಹೆದರಿದ್ದ ನೀನು ಅದನ್ನು ಮುಟ್ಟದೆ, ಮೈ ತಿರುಚಿ ಹೊಡೆದೆ. ಚೆಂಡು ಮರಳಿನ ಬಂಕರಿಗೆ ಬಿತ್ತು. ಬೇರೆ ಹೋಲ್‌ನ ಮಾರ್ಕರನ್ನು ದಂಡವಿಲ್ಲದೆ ಕಿತ್ತಿಟ್ಟು, ಹೊಡೆದ ಮೇಲೆ ಮರಳಿ ನೆಡಬಹುದಿತ್ತೆಂದು ತಿಂಗಳು ಕಳೆದು ಪುಸ್ತಕದಲ್ಲಿ ಓದಿದೆ. ಕ್ಯಾಡಿ ಹೇಳಬೇಕಾಗಿದ್ದ ಮಾತು ಅದೊಂದೇ.

ಉಪದೇಶ ಮಾಡಬಾರದೆಂದು ಕುಳಿತವನು ನಾನು, ಆದರೂ ಕೇಳು: ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಗ್ರೀನ್‌ಗೆ ಈ ಲೆಕ್ಕ ಹಾಕಬೇಡ. ಬೇರೆ ಹೋಲ್‌ನ ಗ್ರೀನ್ ಮೇಲೆ ಚೆಂಡು ನಿಂತರೆ ಅಲ್ಲಿಂದ ಆಡಕೂಡದು, ದಂಡವಿಲ್ಲದೆ ಹೊರಗೆ ಕೈಯಿಂದ ಬೀಳಿಸಿ ಡ್ರಾಪ್ ಮಾಡಲೇಬೇಕು. ದಣಿದಾಗ, ಮಂಜಿನಲ್ಲಿ, ತಪ್ಪು ಟೀಯಿಂದ ಹೋಲ್ ಶುರುಮಾಡಿದರೆ ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇಯಲ್ಲಿ ಎರಡು ಸ್ಟ್ರೋಕ್ ದಂಡ. ಸರಿಪಡಿಸದೆ ಮುಂದಿನ ಹೋಲ್ ಆರಂಭಿಸಿದರೆ ಪಂದ್ಯದಿಂದಲೇ ಹೊರಗೆ. ಅಲ್ಲಿಯ ಚಳಿಗೆ ಬೆರಳು ಮರಗಟ್ಟಿದಾಗ ಇದನ್ನೆಲ್ಲ ಯಾರು ನೆನಪಿಸುತ್ತಾರೋ ಎಂಬ ಆತಂಕ ನನಗೆ. ನಿನಗೆ ಬೇಕಾಗಲಾರದು, ಬಲ್ಲೆ.

ಅಂದು ಕೈಯೆತ್ತಿದ ಹುಡುಗಿಯ ಬಗ್ಗೆ ನನಗಿರುವ ಹೆಮ್ಮೆಯನ್ನು ನೆಂಟರಿಗೆಲ್ಲ ಹೇಳಿದ್ದೇನೆ, ನಿನ್ನೊಬ್ಬಳಿಗೆ ಹೇಳಿಲ್ಲ. ಕ್ಷಮಿಸು.

ನಿಯಮದ ಪುಸ್ತಕವನ್ನು ಬ್ಯಾಗ್‌ನ ಪಕ್ಕದ ಜೇಬಿನಲ್ಲಿ ಇಟ್ಟಿದ್ದೇನೆ. ತೂಕ ಹೆಚ್ಚಾದರೆ ತೆಗೆದಿಟ್ಟು ಹೋಗು. ನಾನಿನ್ನೂ ಅದನ್ನು ಓದಿ ಮುಗಿಸಿಲ್ಲ.

ನಿನ್ನ ಅಪ್ಪ